ಚಾಲು ಎಂದು ಬರೆದಿದ್ದ ಫೋಲ್ಡರ್

ಜುಲೈ 6, ಭಾನುವಾರ

ಮನೆಯ ಹಾಡುಗಳೆಲ್ಲ ಇರುವ ಆನ್‌ಲೈನ್ ಖಾತೆಯಲ್ಲಿ ಜಾಗ ಮುಗಿದಿದೆ. ಮೂರು ದಿನದಿಂದ ಕೆಂಪು ಪಟ್ಟಿ ತೋರಿಸುತ್ತಿದೆ. ಮೇಧಾ ಇವತ್ತು ಲ್ಯಾಪ್‌ಟಾಪನ್ನು ನನ್ನ ಮುಂದೆ ತಂದಿಟ್ಟು, ಈ ಮನೆಯಲ್ಲಿ ನಿನ್ನಷ್ಟು ಬಿಡುವು ಯಾರಿಗೂ ಇಲ್ಲ, ನೀನೇ ಗುಡಿಸು ಎಂದಳು. ಇಪ್ಪತ್ತಮೂರು ವರ್ಷದ ಮಗಳು ನಲವತ್ತೆಂಟರ ತಾಯಿಗೆ ಕೆಲಸ ಹಚ್ಚುವ ರೀತಿ ಇದು. ಋಷಿಕೊಂಡದ ಆಫೀಸಿನಲ್ಲಿ ಅವಳ ಕೈಕೆಳಗೆ ಯಾರೂ ಇಲ್ಲ, ಅದಕ್ಕೇ ಇರಬೇಕು.

ಒಂಬತ್ತು ಸಾವಿರ ಚಿಲ್ಲರೆ ಹಾಡುಗಳು. ಮೇಧಾಳ ಅಪ್ಪ ಭರತೇಶ ಹುಬ್ಬಳ್ಳಿಯ ತಮ್ಮ ಮನೆಯಿಂದ ತಂದ ಕ್ಯಾಸೆಟ್‌ಗಳಿಂದ ಒಂದೊಂದಾಗಿ ಇಳಿಸಿಕೊಂಡವು, ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಕೂಡಿಹಾಕಿದ ಭಾವಗೀತೆಗಳು, ಮೇಧಾಳ ತೆಲುಗು ಸಿನಿಮಾ ಹಾಡುಗಳು. ಒಂದೇ ಹಾಡು ಐದು ಕಡೆ, ಐದು ಹೆಸರಲ್ಲಿ.

ಅಳಿಸಬಹುದೇ ಎಂದು ಕೇಳಲು ವಿಜಯವಾಡಕ್ಕೆ ಫೋನ್ ಮಾಡಿದೆ. "ನಿನಗ ತಿಳದಂಗ ಮಾಡು" ಎಂದರು ಭರತೇಶ. ಎರಡು ನಿಮಿಷವೂ ಆಗಿರಲಿಲ್ಲ, ಇಟ್ಟುಬಿಟ್ಟರು. ಬ್ಯಾಂಕಿನ ರಾಮಮೋಹನ್ ಫೋನ್ ಮಾಡಿದರೆ ಇದೇ ಮನುಷ್ಯ ಅರ್ಧ ಗಂಟೆ ನಗುನಗುತ್ತಾ ಮಾತಾಡುತ್ತಾರೆ. ಹೋದ ಸಲ ಬಂದಾಗ ಇಲ್ಲಿನ ಬಾಲ್ಕನಿಯಲ್ಲೇ ನೋಡಿದ್ದೇನೆ.

ವರ್ಗವಾಗಿ ವಿಜಯವಾಡದ ಗವರ್ನರ್‌ಪೇಟೆ ಶಾಖೆಗೆ ಹೋಗಿ ಹದಿನೆಂಟು ತಿಂಗಳು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದವರು ಈಗ ತಿಂಗಳಿಗೊಮ್ಮೆ ಬರುತ್ತಾರೆ. ಬಂದರೂ ಪೇಪರಿನ ಹಿಂದೆ ಕೂತಿರುತ್ತಾರೆ. ಯಾರಿಗೂ ಹೇಳದ ಮಾತನ್ನು ಇಲ್ಲಿ ಬರೆಯಬಹುದು: ಅವರು ನಮ್ಮಿಂದ ಕಳಚಿಕೊಳ್ಳುತ್ತಿದ್ದಾರೆ ಎಂದು ನನಗೆ ಭಯ. ಎಂವಿಪಿ ಕಾಲೋನಿಯ ಈ ಫ್ಲ್ಯಾಟಿನಲ್ಲಿ ನಾವು ಮೂವರೂ ಒಟ್ಟಿಗಿಲ್ಲ. ಒಟ್ಟಿಗಿರುವುದು ಆ ಖಾತೆಯಲ್ಲಿ ಮಾತ್ರ.

ಜುಲೈ 8, ಮಂಗಳವಾರ

ನಿಯಮ ಮಾಡಿಕೊಂಡಿದ್ದೇನೆ. ಕೇಳದೆ ಯಾವುದನ್ನೂ ಅಳಿಸಬಾರದು. ಒಂದು ಹಾಡಿಗೆ ಒಂದೇ ಪ್ರತಿ. ಹೆಸರುಗಳು ಕನ್ನಡದ ಹಾಡಿಗೆ ಕನ್ನಡದಲ್ಲಿ.

ಮೇಧಾ ಒಂದು ಪ್ರೋಗ್ರಾಂ ಹಾಕಿಕೊಟ್ಟಿದ್ದಾಳೆ. ಹೆಸರೋ ಅವಧಿಯೋ ಒಂದೇ ಇರುವ ಹಾಡುಗಳನ್ನು ಅದು ಜೋಡಿಜೋಡಿಯಾಗಿ ಮುಂದಿಡುತ್ತದೆ. ಎರಡನ್ನೂ ಕೇಳಿ ಚೆನ್ನಾಗಿರುವುದನ್ನು ಉಳಿಸುತ್ತೇನೆ. ಇವತ್ತು ಅಡುಗೆಯಾದ ಮೇಲೆ ಕೂತವಳು ಎಪ್ಪತ್ತು ಜೋಡಿ ನೋಡಿದೆ. ಕಸ ತೆಗೆಯುವುದರಲ್ಲಿ ಒಂದು ಸುಖವಿದೆ. ಮನುಷ್ಯರ ವಿಷಯದಲ್ಲಿ ಆಗದ್ದನ್ನು ಇಲ್ಲಿ ಮಾಡಬಹುದು.

ಸಂಜೆ ಮೇಧಾಳ ಜೊತೆ ಸಣ್ಣ ಜಗಳವಾಯಿತು. ಹೆಸರಿಡುವಾಗ ಕನ್ನಡದಲ್ಲಿ ಯೋಚಿಸು ಎಂದೆ. ಮೂರನೇ ಕ್ಲಾಸಿಗೆ ಈ ತೆಲುಗು ಊರಿಗೆ ಬಂದವಳು ತಾನು, ಯೋಚನೆ ಯಾವ ಭಾಷೆಯಲ್ಲಿ ಬರುತ್ತದೋ ತನಗೆ ಹೇಗೆ ಗೊತ್ತಾಗಬೇಕು ಎಂದಳು. ಅಪ್ಪನನ್ನೂ ಅವಳು ತೆಲುಗಿನಲ್ಲಿ 'ನಾನ್ನ' ಎಂದೇ ಕರೆಯುವುದು. ಅವರು ಯಾವತ್ತೂ ತಿದ್ದಲಿಲ್ಲ. ನಾನು ತಿದ್ದಿ ಸೋತೆ.

ಜುಲೈ 13, ಭಾನುವಾರ

ಭರತೇಶರ ವಿಭಾಗದೊಳಗೆ ಒಂದು ಫೋಲ್ಡರ್ ಸಿಕ್ಕಿತು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ: ಚಾಲು. ನೂರ ನಲವತ್ತು ಹಾಡುಗಳಿವೆ. ಎಲ್ಲವೂ ಬೇರೆ ಕಡೆ ಚೆನ್ನಾಗಿಯೇ ಇರುವ ಹಾಡುಗಳ ಪ್ರತಿಗಳು, ಆದರೆ ಇಲ್ಲಿರುವವು ಒಂದೂ ಸರಿಯಿಲ್ಲ. ಹಾಡುವ ಹೆಂಗಸರೆಲ್ಲ ಗಂಡಸರಾಗಿದ್ದಾರೆ. ಕೊಳಲು ಹಂಡೆಯೊಳಗಿಂದ ಕೇಳುತ್ತದೆ. ಕ್ಯಾಸೆಟ್ಟಿನ ಟೇಪು ಎಳೆದಾಡಿ ಹೀಗಾಗಿರಬೇಕು.

ಕೊನೆಯಲ್ಲಿ ಹೆಸರಿಲ್ಲದ ಒಂಬತ್ತು ಫೈಲುಗಳು, ಬರೀ ಅಂಕಿ. ಒಂದನ್ನು ಹಾಕಿದೆ. ಯಾರೋ ಒಬ್ಬ ಪದ್ಯ ಓದುತ್ತಿದ್ದಾನೆ. ದಪ್ಪ ದನಿ. ನನಗೆ ಬಹಳ ಇಷ್ಟವಾದ ಪದ್ಯವೇ. ನಾಟಕವಿಲ್ಲದ ಓದು, ಅರ್ಥವಾದವನಂತೆ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಹಿಂದೆ ಎಲ್ಲೋ ಹಡಗು ಮೂರು ಸಲ ಕೂಗುತ್ತದೆ. ಬಂದರಿನ ಹತ್ತಿರ ಎಲ್ಲಾದರೂ ಕೂತು ಓದಿದ್ದೇನೋ.

ಒಪ್ಪಿಕೊಳ್ಳುತ್ತೇನೆ, ಹೊಟ್ಟೆಕಿಚ್ಚಾಯಿತು. ಅವರು ವಿಜಯವಾಡಕ್ಕೆ ಹೋದ ಹೊಸದರಲ್ಲಿ ನಾನೂ ದಿನಾ ಬೆಳಿಗ್ಗೆ ಒಂದು ಪದ್ಯ ಓದಿ ಫೋನಿನಲ್ಲಿ ಕಳಿಸುತ್ತಿದ್ದೆ. ಎರಡು ತಿಂಗಳು ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರ ಬರುತ್ತಿತ್ತು, ದಿನಾ ಅದೇ. ಒಂದು ದಿನ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಎಂದೂ ಕೇಳಲಿಲ್ಲ. ಈಗ ನೋಡಿದರೆ ಯಾರದೋ ಓದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಜುಲೈ 14, ಸೋಮವಾರ

ಚಾಲು ಫೋಲ್ಡರನ್ನು ಏನು ಮಾಡಲಿ ಎಂದು ಮೇಧಾಳನ್ನು ಕೇಳಿದೆ. ಅವಳು ಸ್ಕೂಟಿಯ ಕೀಲಿ ಹುಡುಕುತ್ತಿದ್ದಳು. "ಅಮ್ಮಾ, ಚಾಲು ಅಂಟೇ ಸಾಕು ಅಂತ ಅಲ್ವಾ? ನಾನ್ನನೇ ಬೇಡ ಅಂತ ಪಕ್ಕಕ್ಕೆ ಹಾಕಿದಾರೆ. ತೆಗೆದು ಬಿಸಾಕು" ಎಂದಳು.

ಸರಿಯೆನಿಸಿತು. ತರಕಾರಿಯವನಿಗೆ ದಿನಾ ನಾನೂ ಹೇಳುವ ಮಾತೇ ಅಲ್ಲವೇ, ಚಾಲು, ಇನ್ನು ಹಾಕಬೇಡ ಎಂದು. ಅಳಿಸಿದೆ. ಖಾತೆಯ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಇದುವರೆಗೆ ಏಳುನೂರು ಫೈಲು ಹೋಗಿವೆ. ಕೆಂಪು ಪಟ್ಟಿ ಹಸಿರಾಗಿದೆ.

ಜುಲೈ 20, ಭಾನುವಾರ

ತಾವಾಗಿಯೇ ಫೋನ್ ಮಾಡಿದರು. ಸಂತೋಷದಿಂದ ಓಡಿಹೋಗಿ ಎತ್ತಿದೆ.

"ಚಾಲೂ ಅಂತ ಒಂದ ಇತ್ತಲ್ಲ. ಕಾಣವಲ್ದು."

ಹಾಳಾದವು ಅಂತ ತೆಗೆದೆವು, ನೀವೇ ಸಾಕು ಅಂತ ಬರೆದಿದ್ದಿರಲ್ಲ ಎಂದೆ. ಆ ಕಡೆಯಿಂದ ಗವರ್ನರ್‌ಪೇಟೆಯ ಆಟೋಗಳ ಸದ್ದು ಮಾತ್ರ ಬರುತ್ತಿತ್ತು. ಮತ್ತೆ ಹೇಳಿದೆ. "ಹೌದು?" ಎಂದರು. ಮೂರನೇ ಸಲ ಹೇಳಿದಾಗ "ಇರಲಿ ಬಿಡು" ಎಂದು ಇಟ್ಟರು.

ಜುಲೈ 23, ಬುಧವಾರ

ಹುಬ್ಬಳ್ಳಿಯಿಂದ ಅಶೋಕ ಭಾವ ಫೋನ್ ಮಾಡಿದ್ದರು. ಭರತೇಶರ ಅಣ್ಣ. ಮನೆಯ ತೆರಿಗೆ ಕಾಗದದ ವಿಷಯ ಮಾತಾಡುತ್ತಿದ್ದವರು ನಡುವೆ, "ತಡಿ ಜಾಹ್ನವಿ, ಮೋಟಾರ್ ಚಾಲೂ ಐತಿ, ಬಂದ್ ಮಾಡಿ ಬರ್ತೀನಿ" ಎಂದರು.

ಅವರು ಬಂದು ಮತ್ತೆ ಮಾತಾಡಿದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ.

ಮದುವೆಯಾಗಿ ಇಪ್ಪತ್ತೈದು ವರ್ಷ. ಫ್ಯಾನು ಚಾಲೂ ಮಾಡು, ಗಾಡಿ ಚಾಲೂ ಆಗವಲ್ದು, ಮಳಿ ಚಾಲೂ ಆತು. ಎಷ್ಟು ಸಾವಿರ ಸಲ ಕೇಳಿದ್ದೇನೆ. ಅದು ಸಾಕು ಎಂದು ಇಟ್ಟದ್ದಲ್ಲ. ದಿನಾ ಕೇಳುವವು, ಬಳಕೆಯಲ್ಲಿರುವವು ಎಂದು ಇಟ್ಟದ್ದು. ಮಗಳಿಗೆ ಕನ್ನಡದಲ್ಲಿ ಯೋಚಿಸು ಎಂದು ಪಾಠ ಹೇಳಿದವಳು ನಾನು. ಗಂಡನ ಮಾತನ್ನು ತೆಲುಗಿನಲ್ಲಿ ಓದಿದವಳೂ ನಾನೇ.

ತಪ್ಪಾಯಿತು ಎಂದು ಬರೆದು ಕಳಿಸಿದೆ. "ಇರಲಿ. ಕೆಲಸ ಐತಿ" ಎಂದು ಉತ್ತರ ಬಂತು. ಖಾಲಿ ಮಾಡಿದ ಬುಟ್ಟಿಯಿಂದ ಏನೂ ವಾಪಸ್ ಬರುವುದಿಲ್ಲ ಎಂದಳು ಮೇಧಾ. ಸ್ವಲ್ಪ ಹೊತ್ತಾದ ಮೇಲೆ, ಆ ಹಾಳಾದ ಹಾಡುಗಳನ್ನು ನಾನ್ನ ದಿನಾ ಯಾಕೆ ಕೇಳುತ್ತಿದ್ದರು ಎಂದು ಕೇಳಿದಳು.

ಆಗಸ್ಟ್ 9, ಶನಿವಾರ, ವಿಜಯವಾಡ

ಬೆಳಗಿನ ರೈಲಿಗೆ ಹೊರಟು ಮಧ್ಯಾಹ್ನ ಇಲ್ಲಿಗೆ ಬಂದೆ. ಮೊದಲೇ ಹೇಳಿರಲಿಲ್ಲ. ಎರಡನೇ ಶನಿವಾರವಾದರೂ ಯಾವುದೋ ಲೆಕ್ಕಪರಿಶೋಧನೆಯೆಂದು ಭರತೇಶ ಬ್ಯಾಂಕಿಗೆ ಹೋಗಿದ್ದರು. ಅವರದು ಗವರ್ನರ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆ. ಕೆಳಗಿನ ಮನೆಯ ಸೀತಾಮಹಾಲಕ್ಷ್ಮಿಯವರು ಕೀಲಿ ಕೊಟ್ಟರು, ಹಿಂದೆಯೇ ಒಂದು ಬಟ್ಟಲು ಗಟ್ಟಿ ಮೊಸರನ್ನೂ ತಂದರು. ನಿಮ್ಮವರು ಬಹಳ ಒಳ್ಳೆಯವರು, ಆದರೆ ನಾನು ಕೂಗಿದರೆ ಓಗೊಡುವುದಿಲ್ಲ, ಏನಾದರೂ ಹೇಳುವುದಿದ್ದರೆ ನಮ್ಮ ಮನೆಯವರಿಂದ ಹೇಳಿಸುತ್ತೇನೆ ಎಂದರು. ನನಗೆ ಅರ್ಥವಾಗಲಿಲ್ಲ.

"ಆಯನಕಿ ಮಗವಾಳ್ಳ ಗೊಂತೇ ವಿನಪಡುತುಂದಮ್ಮಾ."

ಅಂದರೆ, ಭರತೇಶರಿಗೆ ಗಂಡಸರ ದನಿ ಮಾತ್ರ ಕೇಳುತ್ತದೆ. ಇದನ್ನು ಸೀತಾಮಹಾಲಕ್ಷ್ಮಿಯವರು, ಯಾರಿಗೋ ಬದನೆಕಾಯಿ ಒಗ್ಗುವುದಿಲ್ಲ ಎಂದಷ್ಟೇ ಸಹಜವಾಗಿ ಹೇಳಿ ಕೆಳಗಿಳಿದರು.

ಆರು ಗಂಟೆಗೆ ಮೆಟ್ಟಿಲಲ್ಲಿ ಸದ್ದಾಯಿತು. ನಾನು ಕೋಣೆಯೊಳಗೆ ನಿಂತಿದ್ದೆ. ಅವರು ಬಾಗಿಲ ಹೊರಗೆ ನನಗೆ ಬೆನ್ನು ಹಾಕಿ ಕೂತು ಶೂ ಬಿಚ್ಚತೊಡಗಿದರು. ರೀ ಎಂದೆ. ಮತ್ತೊಮ್ಮೆ, ರೀ. ಎರಡು ಗಜ ದೂರವಿಲ್ಲ. ಅವರು ಲೇಸು ಬಿಡಿಸುತ್ತಲೇ ಇದ್ದರು. ಆಗ ಗಂಟಲನ್ನು ಎದೆಗಿಳಿಸಿ, ಬ್ಯಾಂಕಿನವರು ಕರೆಯುವ ಹಾಗೆ, "ಭರತೇಶ್ ಗಾರೂ" ಎಂದೆ.

"ಆ, ಚೆಪ್ಪಂಡಿ" ಎಂದು ತೆಲುಗಿನಲ್ಲೇ ಓಗೊಡುತ್ತಾ ತಿರುಗಿದರು.

ನನ್ನನ್ನು ನೋಡಿದರು. ನಾನು ಏನು ಮಾಡಿದೆ ಎಂದು ಅವರಿಗೆ ಆ ಕ್ಷಣವೇ ತಿಳಿಯಿತು. ನನಗೂ ತಿಳಿಯಿತು.

"ಯಾವಾಗಿನಿಂದ?" ಎಂದೆ, ಅದೇ ದನಿಯಲ್ಲಿ.

ಅವರು ಇನ್ನೊಂದು ಶೂವನ್ನೂ ಬಿಚ್ಚಿ ಜೋಡಿಸಿಟ್ಟರು. "ಇಲ್ಲಿಗೆ ಬರೂಕಿಂತ ಮೊದಲ ಸುರು ಆಗಿತ್ತು. ಹೆಣ್ಮಕ್ಕಳ ದನಿ ಮೊದಲ ಹೋತು. ಮೇಧಾಂದು. ಆಮ್ಯಾಲೆ ನಿಂದು."

"ಹೇಳಬಹುದಿತ್ತಲ್ಲ."

"ಏನಂತ ಹೇಳ್ಲಿ? ನೀ ಫೋನಿನ್ಯಾಗ ಏನಂದಿ ಅಂತ ತಿಳೀದ ಹೌದು ಹೌದು ಅಂತಿದ್ದೆ. ಒಂದಿನ ಮೇಧಾ ಅಳಾಕತ್ತಿದ್ಲಂತ. ನಾ ಚಲೋ ಆತು ಅಂದಿದ್ದೆ. ಆವತ್ತಿಂದ ಫೋನ್ ಬಂದ್ರ ಹೆದರಿಕಿ." ಕೈಯಲ್ಲಿದ್ದ ಕಾಲುಚೀಲವನ್ನು ಮಡಚುತ್ತಿದ್ದರು. "ನಿಮ್ಮ ಮುಂದ ಕಿವುಡ ಆಗಿ ಕೂಡೂದಕ್ಕಿಂತ, ದೂರ ಇರೋ ಗಂಡ ಆಗೂದು ಹಗುರ ಅನಸ್ತು."

ಹಾಡುಗಳ ವಿಷಯವನ್ನು ಅವರೇ ಹೇಳಿದರು. ಹೆಂಗಸರು ಹಾಡಿದ ಹಾಡುಗಳಲ್ಲಿ ಬರೀ ತಬಲಾ ಕೇಳತೊಡಗಿದಾಗ, ಫೋನಿನಲ್ಲೇ ದನಿಯ ಶ್ರುತಿ ಇಳಿಸಿ ದಪ್ಪ ಮಾಡುವುದನ್ನು ಕಲಿತರಂತೆ. ನಾಲ್ಕು ಮೆಟ್ಟಿಲು ಇಳಿಸಿದರೆ ಹಾಡು ಮತ್ತೆ ಬರುತ್ತಿತ್ತು. ಒಂದು ವರ್ಷದ ಭಾನುವಾರಗಳೆಲ್ಲ ಆ ನೂರ ನಲವತ್ತು ಹಾಡುಗಳಿಗೆ ಹೋಗಿವೆ.

ಆ ಒಂಬತ್ತು ಪದ್ಯಗಳನ್ನು ಓದಿದ್ದು ಯಾರು ಎಂದು ಕೇಳಿದೆ.

"ಯಾರು ಅಂದ್ರ? ನೀನ. ಹಿಂದ ಕುಕ್ಕರ್ ಕೂಗ್ತಿತ್ತಲ್ಲ. ಅದನ್ನ ಕೇಳೇ ದಿನಾ ಬ್ಯಾಂಕಿಗೆ ಹೋಗ್ತಿದ್ದೆ."

ಆಗಸ್ಟ್ 10, ಭಾನುವಾರ, ವಿಜಯವಾಡ

ಬೀರುವಿನಲ್ಲಿ ಫೆಬ್ರವರಿಯಲ್ಲೇ ಮಾಡಿಸಿದ ಕಿವಿ ಪರೀಕ್ಷೆಯ ಕಾಗದವಿತ್ತು. ಗೆರೆ ಎಡದಲ್ಲಿ ಮೇಲೆ ಹೊರಟು ಬಲಕ್ಕೆ ಹೋಗುತ್ತಾ, ಋಷಿಕೊಂಡದಿಂದ ಕಡಲಿಗಿಳಿಯುವ ರಸ್ತೆಯಂತೆ ಕೆಳಗಿಳಿದಿದೆ. ನರದ ದೋಷ, ಸರಿಹೋಗುವಂಥದ್ದಲ್ಲ, ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಕೇಳುತ್ತದೆ ಎಂದಿದ್ದರಂತೆ ಡಾಕ್ಟರು. ಕೌಂಟರಿನಲ್ಲಿ ಜನ ಕಿವಿಯನ್ನೇ ನೋಡುತ್ತಾರೆ ಎಂದು ಇವರು ಹಾಕಿಸಿಕೊಂಡಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇ?

ಪದ್ಯಗಳ ಮೂಲ ಹುಡುಕಿದೆ. ನನ್ನ ಫೋನಿನಲ್ಲೂ ಇಲ್ಲ, ಅವರದರಲ್ಲೂ ಇಲ್ಲ. ಇಬ್ಬರೂ ಆಮೇಲೆ ಫೋನ್ ಬದಲಿಸಿದ್ದೇವೆ. ಅರವತ್ತು ಬೆಳಿಗ್ಗೆಗಳಲ್ಲಿ ಉಳಿದಿದ್ದದ್ದು ಒಂಬತ್ತು. ಅವನ್ನೂ ಅಳಿಸಿದ್ದು ನಾನು, ಕೇಳಿಯೇ ಅಳಿಸಿದ್ದು.

ಆಗಸ್ಟ್ 13, ಬುಧವಾರ

ಮೇಧಾಳಿಗೆ ಹೇಳಿದೆ. ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಹೊರಗೆ ಬಂದವಳು ಮುಖ ಒರೆಸಿಕೊಳ್ಳದೆ ಲ್ಯಾಪ್‌ಟಾಪ್ ತೆಗೆದಳು.

ಆಗಸ್ಟ್ 17, ಭಾನುವಾರ

ನೂರ ನಲವತ್ತರಲ್ಲಿ ಅರವತ್ತೆರಡು ಹಾಡುಗಳ ಶ್ರುತಿಯನ್ನು ಮತ್ತೆ ಇಳಿಸಿ ಆಯಿತು. ಪಟ್ಟಿಯನ್ನು ಭರತೇಶ ನೆನಪಿನಿಂದಲೇ ಬರೆದು ಕಳಿಸಿದ್ದಾರೆ. ಎಲ್ಲಕ್ಕೂ ನಾಲ್ಕು ಮೆಟ್ಟಿಲು ಸಾಕು ಎಂದುಕೊಂಡಿದ್ದೆವು, ಹಾಗಿಲ್ಲ. ಕೊಳಲಿಗೆ ಆರು ಬೇಕು. ಅವರ ಅಮ್ಮ ಬಸದಿಯಲ್ಲಿ ಹಾಡುತ್ತಿದ್ದ ಸ್ತೋತ್ರಗಳಿಗೆ ಮೂರು ಸಾಕು. ಯಾವುದು ಸರಿಬರುತ್ತದೋ ಅವರೇ ನೋಡಲಿ ಎಂದು ಪ್ರತಿ ಹಾಡನ್ನೂ ಮೂರು, ನಾಲ್ಕು, ಐದು, ಹೀಗೆ ಹಲವು ಪ್ರತಿ ಮಾಡಿಡುತ್ತಿದ್ದೇವೆ. ಪಟ್ಟಿ ಮತ್ತೆ ಕೆಂಪಾಗುತ್ತಾ ಬಂದಿದೆ. ಮೇಧಾ ತನ್ನ ಕಾಲೇಜಿನ ಕಾಲದ ಹಾಡುಗಳನ್ನು ಅಳಿಸಿ ಜಾಗ ಮಾಡಿದಳು.

ಹಾಲು ತೆಗೆದುಕೊಳ್ಳುವಾಗ ಎದುರು ಫ್ಲ್ಯಾಟಿನ ಕನಕಲಕ್ಷ್ಮಿ, ಗಂಟಲಿಗೇನಾಯಿತು, ನೆಗಡಿಯೇ, ಶುಂಠಿ ಕಷಾಯ ಕುಡಿಯಿರಿ ಎಂದರು. ನೆಗಡಿಯೇನೂ ಇಲ್ಲ. ಅವರಿಗೆ ಯಾಕೆ ಹಾಗನಿಸಿತೋ.

ಆಗಸ್ಟ್ 22, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಒಂದು ಪದ್ಯ ಓದಿ ಕಳಿಸಿದೆ. ಇಳಿಸದೆ, ಹಾಗೇ, ಅವರೇ ಇಳಿಸಿಕೊಂಡು ಕೇಳಲಿ ಎಂದು. ಹೆಬ್ಬೆರಳು ಬಂತು. ಆಮೇಲೆ ಅದರ ಕೆಳಗೆ: "ಎರಡನೇ ನುಡಿ ತಿಳೀಲಿಲ್ಲ. ಮತ್ತ ಓದು."

ಮತ್ತೆ ಓದಿದೆ.

ಆಗಸ್ಟ್ 31, ಭಾನುವಾರ

ಕಿವಿಯ ಯಂತ್ರ ಹಾಕಿಸಿಕೊಂಡಿದ್ದಾರೆ! ರಾಮಮೋಹನ್ ಕರೆದುಕೊಂಡು ಹೋದರಂತೆ. ಅವರಿಗೆ ಈ ವಿಷಯ ಮೊದಲೇ ಗೊತ್ತಿತ್ತು ಎಂದು ತಿಳಿದು ಸ್ವಲ್ಪ ನೋವಾಯಿತು, ಆಮೇಲೆ ಹೋಯಿತು. ಯಾರಿಗಾದರೂ ಗೊತ್ತಿತ್ತಲ್ಲ.

ಮಾತು ಚೆನ್ನಾಗಿ ಕೇಳುತ್ತದಂತೆ, ಆದರೆ ಹಾಡು ತಗಡಿನ ಡಬ್ಬದಲ್ಲಿ ಹಾಡಿದ ಹಾಗಿದೆಯಂತೆ. ಹಾಡು ಕೇಳುವಾಗ ತೆಗೆದಿಡುತ್ತಾರಂತೆ. ಹಾಗಾಗಿ ಇಳಿಸುವ ಕೆಲಸ ನಿಲ್ಲುವುದಿಲ್ಲ. ಫ್ಯಾನು ಚಾಲು ಮಾಡಿಕೊಂಡು ಮಧ್ಯಾಹ್ನವೆಲ್ಲ ಕೂತು ಇಪ್ಪತ್ತು ಹಾಡು ಮುಗಿಸಿದೆ. ಮೇಧಾಳಿಗೆ ಇಷ್ಟವಾದ ತೆಲುಗು ಹಾಡು ನಾಲ್ಕನ್ನೂ ಸೇರಿಸಿದ್ದೇನೆ. ಅದರಲ್ಲೊಂದು ಇಳಿಸಿದ ಮೇಲೇ ಚೆನ್ನಾಗಿದೆ.

ಸೆಪ್ಟೆಂಬರ್ 14, ಭಾನುವಾರ

ಭರತೇಶ ನಿನ್ನೆ ಬಂದರು. ಕಿವಿಯ ಹಿಂದೆ ಬೂದು ಬಣ್ಣದ ಒಂದು ಸಣ್ಣ ಗುಬುಟು, ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಮೇಧಾ ಅದನ್ನು ಮುಟ್ಟಿ ನೋಡಿ, ಇದಕ್ಕೆ ಬ್ಲೂಟೂತ್ ಇದೆಯಾ ನಾನ್ನ ಎಂದು ಕೇಳಿದಳು. ನಿನ್ನ ಬೈಗುಳ ನೇರ ತಲೀಗೇ ಬರಲಿ ಅಂತೇನು ಎಂದರು ಅವರು.

ಇವತ್ತು ಊಟಕ್ಕೆ ಮೊದಲು ಒಂದು ಪದ್ಯ ಓದು ಎಂದರು. ಎದುರು ಕೂತವರಿಗೆ ಓದಿ ಹೇಳುವುದು ನನಗೆ ಅಭ್ಯಾಸವಿಲ್ಲ. ಇತ್ತೀಚೆಗೆ ಓದಿದ ಒಂದು ಪದ್ಯ ತೆಗೆದೆ. ದೋಣಿ ಕಾಯುತ್ತಾ ದಡದಲ್ಲಿ ನಿಂತ ಹೆಂಗಸೊಬ್ಬಳ ಪದ್ಯ. ಬಹಳ ದಿನ ಕಾಯುತ್ತಾಳೆ, ಕೊನೆಗೊಂದು ದಿನ ಸೆರಗಿನ ಮರಳು ಕೊಡವಿ ಮನೆಗೆ ಹೋಗುತ್ತಾಳೆ. ಬಿಡುಗಡೆಯ ಪದ್ಯ ಎಂದುಕೊಂಡೇ ನಾನು ಅದನ್ನು ಮೆಚ್ಚಿದ್ದೆ.

ಮುಗಿಸಿದೆ. ಅವರು ಗೋಡೆ ನೋಡುತ್ತಾ ಕೂತಿದ್ದರು. ಕೇಳಿಸಿತೇ ಎಂದು ಕೇಳಿದೆ.

"ಕೇಳಿಸ್ತು. ಆದ್ರ ಕಡೀ ಸಾಲು ನನಗ ಒಪ್ಪಿಗಿ ಇಲ್ಲ. ಆಕಿ ಇನ್ನೊಂಚೂರು ನಿಂದರಬೇಕಿತ್ತು."

ನಾನು ಏನಾದರೂ ಹೇಳುವ ಮೊದಲೇ ಮೇಧಾ ಎದ್ದು ನಿಂತಳು. "ಯಾಕೆ ನಿಲ್ಲಬೇಕು ನಾನ್ನ? ದೋಣಿಯಲ್ಲಿದ್ದವನು ಒಂದು ಮಾತು ಹೇಳಿಕಳಿಸಬಹುದಿತ್ತು ಕದಾ?"

"ಅವಂಗ ದಡದಾಗಿನವರ ಮಾತ ಕೇಳಸ್ತಿರಲಿಲ್ಲ."

"ಕೇಳದಿದ್ರೆ ಕೇಳಲ್ಲ ಅಂತ ಹೇಳ್ಬೇಕು. ಕೈ ಬೀಸಬೇಕು. ಏನಾದ್ರೂ ಮಾಡ್ಬೇಕು."

"ಬೀಸಿದ್ದಾನು. ನಿಮ್ಮ ಪದ್ಯದಾಗ ಬರದಿಲ್ಲ, ಅಷ್ಟ."

ಅವಳು ತೆಲುಗಿಗೆ ಹೋದಳು, ಅವರು ಹುಬ್ಬಳ್ಳಿ ಮಾತಿಗೆ ಹೋದರು. ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ಸಾಲಿಗೆ ಸಾಲು ತೋರಿಸಿ ವಾದಿಸಿದರು. ಅವಳ ಯಾವ ಮಾತನ್ನೂ ಅವರು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ತೀರ್ಪು ಹೇಳು ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ಇನ್ನೊಂದು ಸಲ ಓದುತ್ತೇನೆ, ಆಮೇಲೆ ನೋಡೋಣ ಎಂದು ಪುಸ್ತಕ ವಾಪಸ್ ತೆಗೆದುಕೊಂಡೆ. ಒಳಗೆ ಅನ್ನ ಆರುತ್ತಿತ್ತು. ಆರಲಿ ಎಂದು ಮೊದಲ ಸಾಲಿನಿಂದ ಓದತೊಡಗಿದೆ.